ಸಂತೆಯ ದೊಣ್ಣೆ, ಗುಡ್ಡದ ಗುಂಡು

ಪ್ರಿಯ ಲೇಖಕರೇ,

ಐರ್ಲೆಂಡಿನ ಡಾಲಿಸ್ ಬ್ರೇ ಎಂಬ ಗುಡ್ಡದಲ್ಲಿ ನಡೆದ ಕಾಳಗದ ಜನಪದ ನೆನಪುಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ.

ಅದರ ಜೀವ ಇರುವುದು ಮೂರನೇ ಪುಟದಲ್ಲಿ. ಬ್ಲ್ಯಾಕ್‌ಥಾರ್ನ್ ಮುಳ್ಳುಗಿಡದ ದೊಣ್ಣೆಗೆ ಬೆಣ್ಣೆ ಸವರಿ, ಒಲೆಯ ಹೊಗೆಗೂಡಿನಲ್ಲಿಟ್ಟು ಹದಗೊಳಿಸುವುದು. ಕೋಟನ್ನು ನೆಲದ ಮೇಲೆ ಎಳೆದುಕೊಂಡು ಸಂತೆಯ ನಡುವೆ ನಡೆಯುತ್ತಾ, ತುಳಿಯುವ ಗಂಡಸು ಯಾರಿದ್ದೀರಿ ಎಂದು ಕೆಣಕುವುದು. ಓದುವಾಗ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ತೊಂದರೆಯೆಂದರೆ, ಆ ಪುಟಕ್ಕೂ ಡಾಲಿಸ್ ಬ್ರೇಗೂ ಸಂಬಂಧವಿಲ್ಲ.

ಕೋಟು ಎಳೆಯುವುದೆಲ್ಲ ಸಂತೆ, ಜಾತ್ರೆಗಳಲ್ಲಿ ಮನೆತನದ ಬಣಗಳು ನಡೆಸುತ್ತಿದ್ದ ಹೊಡೆದಾಟದ್ದು. ಅಲ್ಲಿ ಸಾಮಾನ್ಯವಾಗಿ ಎರಡೂ ಕಡೆಯವರು ಕ್ಯಾಥೊಲಿಕರೇ. 1834ರ ಜೂನ್ 24ರಂದು ಕೆರ್ರಿ ಕೌಂಟಿಯ ಬ್ಯಾಲಿಬನಿಯನ್ ಊರಿನ ಬಳಿಯ ಕಡಲತೀರದಲ್ಲಿ, ಕುದುರೆ ಓಟದ ದಿನ, ಎರಡು ಬಣಗಳು ಕಾದಾಡಿದವು. ಸೋತು ಓಡಿದವರಲ್ಲಿ ಹಲವರು ನದಿ ದಾಟಲಾಗದೆ ಮುಳುಗಿ ಸತ್ತರು. ಅಲ್ಲಿ ಪಂಥದ ಜಗಳವಿರಲಿಲ್ಲ.

ಡೌನ್ ಕೌಂಟಿಯ ಡಾಲಿಸ್ ಬ್ರೇ ಗುಡ್ಡದ ಕಥೆಯೇ ಬೇರೆ. 1848ರಲ್ಲಿ ಆರೆಂಜ್ ಎಂಬ ಪ್ರಾಟೆಸ್ಟಂಟ್ ಸಂಘದ ಮೆರವಣಿಗೆ ಗುಡ್ಡದ ದಾರಿ ಬಿಟ್ಟು ಬೇರೆ ರಸ್ತೆ ಹಿಡಿದಿತ್ತು. ಹೇಡಿಗಳೆಂಬ ಮೂದಲಿಕೆಯನ್ನೂ ಕೇಳಬೇಕಾಯಿತು. ಮರುವರ್ಷ ಜುಲೈ 12ರಂದು ಹಟ ಹಿಡಿದು ಅದೇ ಗುಡ್ಡದ ಮೇಲೆ ಹಾದು ಲಾರ್ಡ್ ರೋಡನ್‌ನ ಎಸ್ಟೇಟಿಗೆ ಹೋದರು. ಹಿಂದಿರುಗುವಾಗ ರಿಬ್ಬನ್‌ಮನ್ನರೆಂಬ ಕ್ಯಾಥೊಲಿಕ್ ಗುಪ್ತಸಂಘದವರೊಂದಿಗೆ ಕಾಳಗ ನಡೆಯಿತು. ದೊಣ್ಣೆಯಲ್ಲ, ಬಂದೂಕು. ಸೈನಿಕರೂ ಪೊಲೀಸರೂ ಅಲ್ಲೇ ಇದ್ದರು. ಕ್ಯಾಥೊಲಿಕರು ಸತ್ತರು, ಅವರ ಮನೆಗಳು ಉರಿದವು. ಮೆರವಣಿಗೆಯನ್ನು ತನ್ನ ಎಸ್ಟೇಟಿಗೆ ಬರಮಾಡಿಕೊಂಡಿದ್ದ ರೋಡನ್ ಮ್ಯಾಜಿಸ್ಟ್ರೇಟ್ ಹುದ್ದೆ ಕಳೆದುಕೊಂಡ. 1850ರಲ್ಲಿ ಇಂಥ ಮೆರವಣಿಗೆಗಳನ್ನು ತಡೆಯುವ ಕಾನೂನು ಬಂತು. ನಿಮ್ಮ ಲೇಖನದಲ್ಲಿ ಆ ಮೂದಲಿಕೆಯೂ ಇಲ್ಲ, ಉರಿದ ಮನೆಗಳೂ ಇಲ್ಲ. 'ಧರ್ಮಾಂಧತೆಯ ಜ್ವಾಲೆ' ಮಾತ್ರ ಮೂರು ಕಡೆ ಇದೆ. ಮೂರನ್ನೂ ಹೊಡೆದುಹಾಕಿದ್ದೇನೆ.

'ಎರಡೂ ಕಡೆಯವರು ಸಮಾನ ತಪ್ಪಿತಸ್ಥರು' ಎಂಬ ತೀರ್ಪು ನೀಡುವ ಅವಸರ ನಿಮಗೇಕೆ? ಆರೆಂಜ್ ಪಾಳೆಯದವರಿಗೆ ಅದು ಹಾಡು ಕಟ್ಟಿ ಮೆರೆದ ಗೆಲುವು. ಮನೆ ಕಳೆದುಕೊಂಡವರ ಮಕ್ಕಳು ಆ ಹಾಡನ್ನು ರಸ್ತೆಯಲ್ಲಿ ಕೇಳುತ್ತಾ ಬೆಳೆದಿರಬೇಕಲ್ಲ! ಜನಪದವೆಂದರೆ ಈ ಎರಡು ಕಿವಿಗಳೂ ಹೌದು. ನೀವು ಒಂದನ್ನೂ ಕೊಟ್ಟಿಲ್ಲ. 'ಮಾನವೀಯತೆಯೇ ದೊಡ್ಡದು' ಎನ್ನುವ ಕೊನೆಯ ಪ್ಯಾರಾ ನನ್ನ ಮೇಜಿಗೆ ವಾರಕ್ಕೆ ನಾಲ್ಕು ಬಾರಿ ಬರುತ್ತದೆ.

ಮೂರನೇ ಪುಟವನ್ನು ಹಿಗ್ಗಿಸಿ, ಸಂತೆಯ ಹೊಡೆದಾಟದ ಮೇಲೆಯೇ ಬೇರೆ ಲೇಖನ ಬರೆದು ಮೊದಲು ಕಳುಹಿಸಿ. ಬ್ಯಾಲಿಬನಿಯನ್ ಅದರಲ್ಲಿ ಬರಲಿ. ಗುಡ್ಡದ ಕಥೆಗೆ ಅವಸರವಿಲ್ಲ.

ಇಂತಿ,
ಸಂಪಾದಕ