ಪ್ಯಾಂಕ್ರಿಯಾಸ್ ಮೆತ್ತಗಿದ್ದರೆ ಸೋರಿಕೆ ಭಯ ಯಾಕೆ?

ನಿಮ್ಮ ಪ್ರಶ್ನೆ ಇದು: ದಾವಣಗೆರೆಯವರು, ತಂದೆಯವರಿಗೆ ಆಂಪುಲ್ಲಾ (ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳ ಸಣ್ಣ ಕರುಳಿಗೆ ತೆರೆಯುವ ಜಾಗ) ಗಡ್ಡೆ, ಬೆಂಗಳೂರಿನಲ್ಲಿ ವಿಪ್ಪಲ್ ಆಪರೇಷನ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ ತೆಗೆಯುವುದು). ‘ಗ್ರಂಥಿ ಮೆತ್ತಗಿರೋ ಹಾಗಿದೆ, ನಾಳ 2 ಮಿ.ಮೀ., ಸೋರಬಹುದು’ ಎಂದಿದ್ದಾರೆ ಸರ್ಜನ್. ಮೆತ್ತಗಿದ್ದರೆ ಆರೋಗ್ಯವಾಗಿದೆ ಅಂತ ತಾನೇ?

ಹೌದು, ಆರೋಗ್ಯವಾಗಿಯೇ ಇದೆ. ತೊಂದರೆ ಇರೋದೂ ಅಲ್ಲೇ. ಗ್ರಂಥಿಯ ತಲೆಭಾಗ ತೆಗೆದ ಮೇಲೆ ಉಳಿದ ಗ್ರಂಥಿಯ ತುದಿಯನ್ನು ಕರುಳಿಗೆ ಹೊಲಿಯಬೇಕು. ಮೆತ್ತನೆ ಗ್ರಂಥಿಯಲ್ಲಿ ಗಂಟು ಬಿಗಿದರೆ ದಾರ ಸೀಳಿಕೊಂಡು ಬರುತ್ತದೆ. ಬೆಣ್ಣೆಯಲ್ಲಿ ದಾರ ಎಳೆದರೆ ಏನಾಗುತ್ತದೆಂದು ನಿಮ್ಮೂರಿನವರಿಗೆ ಹೇಳಬೇಕಿಲ್ಲ. ಗ್ರಂಥಿಯ ರಸ ಹರಿಯುವ ನಾಳ 2 ಮಿ.ಮೀ. ಎಂದರೆ ಸಾಸಿವೆ ಕಾಳಿನಷ್ಟು ಬಾಯಿ, ಅದರ ಸುತ್ತ ಹೊಲಿಗೆ ಕೂರಬೇಕು. ಮೇಲಾಗಿ ಚೆನ್ನಾಗಿರುವ ಗ್ರಂಥಿ ರಸವನ್ನೂ ಚೆನ್ನಾಗಿ ಸುರಿಸುತ್ತದೆ. ಪ್ರೋಟೀನ್, ಕೊಬ್ಬು ಕರಗಿಸುವ ಆ ರಸ ಸೋರಿದರೆ ಹೊಲಿಗೆಯ ಜಾಗವನ್ನೂ ಪಕ್ಕದ ರಕ್ತನಾಳವನ್ನೂ ತಿನ್ನುತ್ತದೆ. ಹಳೇ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸಿನ ಉರಿಯೂತ) ಇದ್ದವರಲ್ಲಿ, ನಾಳಕ್ಕೆ ಅಡ್ಡ ಬೆಳೆದ ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಗ್ರಂಥಿ ಗಟ್ಟಿಯಾಗಿ ನಾಳ ಅಗಲವಾಗಿರುತ್ತದೆ. ಅಲ್ಲಿ ಹೊಲಿಗೆ ನಿಲ್ಲುತ್ತದೆ.

ಅಪಾಯ ಅಳೆಯಲು 10 ಅಂಕದ ಒಂದು ಲೆಕ್ಕವಿದೆ. ಮೆತ್ತನೆ ಗ್ರಂಥಿಗೆ 2; ಕಾಯಿಲೆ ಪ್ಯಾಂಕ್ರಿಯಾಸಿನದೇ ಕ್ಯಾನ್ಸರ್ ಅಥವಾ ಹಳೇ ಉರಿಯೂತ ಅಲ್ಲದಿದ್ದರೆ 1; ನಾಳ 5 ಮಿ.ಮೀ. ಅಥವಾ ಹೆಚ್ಚಿದ್ದರೆ 0, 4 ಇದ್ದರೆ 1, 3 ಇದ್ದರೆ 2, 2 ಇದ್ದರೆ 3, 1 ಇದ್ದರೆ 4. ನಿಮ್ಮ ತಂದೆಯವರಿಗೆ ಅಲ್ಲಿಗೇ 6, ಅಂದರೆ ಮಧ್ಯಮ. ಆಪರೇಷನ್ನಿನಲ್ಲಿ ರಕ್ತ 400 ಮಿ.ಲೀ. ಮೀರಿ ಹೋದರೆ ಕನಿಷ್ಠ 7 ಆಗಿ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಆದರೆ ಸಿ.ಟಿ. ನೋಡಿ ಮೆತ್ತಗಿದೆ ಅನ್ನೋದು ಅಂದಾಜು ಅಷ್ಟೇ, ಹೊಟ್ಟೆ ತೆರೆದು ಬೆರಳಲ್ಲಿ ಮುಟ್ಟಿದಾಗಲೇ ಖಾತ್ರಿ.

ಮೈತೂಕ ಹೆಚ್ಚಿದ್ದರೂ ಅಪಾಯ ಏರುತ್ತದೆ. ಗ್ರಂಥಿಯನ್ನು ಬದಲಿಸಲಾಗದು, ಬೀಡಿ-ಸಿಗರೇಟು ಇವತ್ತೇ ಬಿಡಿಸಬಹುದು, ಊಟ ಸೇರದೆ ಸೊರಗಿದ್ದರೆ ಪ್ರೋಟೀನ್ ಹೆಚ್ಚಿಸಬಹುದು. ಇಂಥ ಆಪರೇಷನ್ ಆಗಾಗ ಮಾಡುವ ತಂಡವೇ ಎಂದು ಕೇಳಿ, ಸಂಕೋಚ ಬೇಡ. ಸೋರಿಕೆಗಿಂತ ಅದನ್ನು ತಡವಾಗಿ ಗುರುತಿಸುವುದೇ ಹೆಚ್ಚು ಅಪಾಯ ಎಂಬುದು ನನ್ನ ಅಭಿಪ್ರಾಯ.

ಆಪರೇಷನ್ ಆದಮೇಲೆ ಡ್ರೇನ್ (ಹೊಟ್ಟೆಯೊಳಗಿನ ದ್ರವ ಹೊರತರುವ ನಳಿಕೆ) ನೀರಿನ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಒಂದು ಕಿಣ್ವ) ನೋಡುತ್ತಾರೆ. 3ನೇ ದಿನ ಅಥವಾ ಆಮೇಲೆ ಅದು ರಕ್ತದ ಅಮೈಲೇಸಿನ ಮೇಲ್ಮಿತಿಯ ಮೂರು ಪಟ್ಟು ಮೀರಿದ್ದರೆ (ಮೇಲ್ಮಿತಿ 100 ಆದರೆ 300ಕ್ಕಿಂತ ಹೆಚ್ಚು) ರಸ ಸೋರುತ್ತಿದೆ ಎಂದು ಅರ್ಥ. ಸಂಖ್ಯೆ ಏರಿದ್ದು ಬಿಟ್ಟರೆ ಬೇರೇನೂ ತೊಂದರೆ ಇಲ್ಲದಿದ್ದರೆ ಅದನ್ನೀಗ ಫಿಸ್ಟುಲಾ (ತೊಂದರೆ ಕೊಡುವ ಸೋರಿಕೆ) ಎನ್ನುವುದಿಲ್ಲ. ಸೋರಿಕೆಯಿಂದ ಜ್ವರ ಬಂದರೆ, ಡ್ರೇನ್ 3 ವಾರ ದಾಟಿದರೆ ಅಥವಾ ಹೊಸ ನಳಿಕೆ ಹಾಕಬೇಕಾದರೆ ಬಿ ದರ್ಜೆಯ ಫಿಸ್ಟುಲಾ. ಮರು ಆಪರೇಷನ್ ಅಥವಾ ಅಂಗಾಂಗ ವೈಫಲ್ಯವಾದರೆ ಸಿ. ಹೆಚ್ಚಿನವು ಡ್ರೇನ್, ಆ್ಯಂಟಿಬಯಾಟಿಕ್, ಪೋಷಣೆಯಲ್ಲೇ ಮುಚ್ಚಿಕೊಳ್ಳುತ್ತವೆ.

ಡ್ರೇನ್ ಇಟ್ಟುಕೊಂಡೇ ಊರಿಗೆ ಬಂದರೆ ದಿನಾ ಒಂದೇ ಹೊತ್ತಿಗೆ ಅಳತೆ, ಬಣ್ಣ ಬರೆದಿಡಿ. ನೀರು ಕೆಸರಿನ ಬಣ್ಣಕ್ಕೆ ತಿರುಗಿದರೆ, ಹಸಿರಾದರೆ, ಚಳಿಜ್ವರ ಬಂದರೆ ಅದೇ ದಿನ ಸರ್ಜನ್ನಿಗೆ ಫೋನ್ ಮಾಡಿ. ಬ್ಯಾಗಿನಲ್ಲಿ ತಾಜಾ ಕೆಂಪು ರಕ್ತ ಎರಡು ಚಮಚ ಬಂದು ನಿಂತರೂ ‘ನಿಂತಿತಲ್ಲ’ ಅಂತ ಸುಮ್ಮನಿರಬೇಡಿ. ದೊಡ್ಡ ರಕ್ತಸ್ರಾವಕ್ಕೆ ಮುಂಚಿನ ಸೂಚನೆ ಅದಾಗಿರಬಹುದು. ಬೆಂಗಳೂರಿಗೆ ಕಾರು ಹೊರಡಿಸುವ ಮೊದಲು ದಾವಣಗೆರೆಯಲ್ಲೇ ಸಿ.ಟಿ., ಬ್ಲಡ್ ಬ್ಯಾಂಕ್, ಐ.ಸಿ.ಯು. ಇರುವ ಆಸ್ಪತ್ರೆಗೆ ಡಿಸ್ಚಾರ್ಜ್ ಸಮರಿಯೊಂದಿಗೆ ಹೋಗಿ, ಅಲ್ಲಿಂದಲೇ ನಿಮ್ಮ ಸರ್ಜನ್ ಜೊತೆ ಮಾತಾಡಿಸಿ.