ಬಿಸಿಲಲ್ಲಿ ಹಕ್ಕಿ ಫೋಟೊ: ಓದುಗರು ಕೇಳಿದ್ದು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬಿಸಿಲಿನದ್ದೇ. ರಜೆ ಇದೆ, ಮಕ್ಕಳು ಮನೇಲಿದ್ದಾರೆ, ಕ್ಯಾಮೆರಾ ಹಿಡ್ಕೊಂಡು ಹೊರಗೆ ಹೋಗೋ ಆಸೆ, ಹೋದ್ರೆ ಹತ್ತು ಗಂಟೆಗೆಲ್ಲಾ ನೆತ್ತಿ ಸುಡತ್ತೆ, ಹಕ್ಕಿನೂ ಕಾಣಲ್ಲ, ಕಂಡಿದ್ದೂ ಸರಿಯಾಗಿ ಬರಲ್ಲ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಬೇಸಿಗೇಲಿ ಹಕ್ಕಿ ಹಿಂದೆ ಓಡಬೇಡಿ, ನೀರು ನೆರಳು ಇರೋ ಕಡೆ ಹೋಗಿ ದೂರದಲ್ಲಿ ಸುಮ್ನೆ ಕೂತ್ಕೊಳ್ಳಿ, ಅದಾಗೇ ಬರತ್ತೆ. ನಿಮಗಿಂತ ಅದಕ್ಕೆ ಈಗ ಕಷ್ಟ ಜಾಸ್ತಿ ಇದೆ ಅನ್ನೋದು ಮಾತ್ರ ನೆನಪಲ್ಲಿರಲಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕೃಷ್ಣಮೃಗದ ಫೋಟೊ ತೆಗೆಯೋಕೆ ಹೋಗಿದ್ದೆ. ಕೂಡಿಟ್ಟ ದುಡ್ಡಲ್ಲಿ 150-600 ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀನಿ. ಮುನ್ನೂರು ಫೋಟೊದಲ್ಲಿ ಒಂದೂ ಶಾರ್ಪ್ ಬಂದಿಲ್ಲ. ಅಂಗಡಿಯವರು ಲೆನ್ಸ್ ಸರಿಯಾಗೇ ಇದೆ ಅಂತಾರೆ. ಮೋಸ ಹೋದ್ನಾ ಸರ್? — ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಇಲ್ಲ ತಮ್ಮಾ, ನನಗನ್ಸೋ ಮಟ್ಟಿಗೆ ಮೋಸ ಹೋಗಿಲ್ಲ. ನೀನು ಕಳಿಸಿದ ಆರು ಫೋಟೊ ದೊಡ್ಡದು ಮಾಡಿ ನೋಡಿದೆ, ಎಲ್ಲಾ ತೆಗೆದಿದ್ದು ಬೆಳಗ್ಗೆ 11.20ರಿಂದ ಮಧ್ಯಾಹ್ನ 12.40ರ ಒಳಗೆ. ಗಂಡು ಮೃಗದ ಕೊಂಬಿನ ಸುರುಳಿ ನೋಡು, ನೀಟಾಗಿರಬೇಕಾದ ಅಂಚು ಹರಿಯೋ ನೀರೊಳಗಿಂದ ನೋಡಿದ ಹಾಗೆ ನುಲಿದುಕೊಂಡಿದೆ. ಲೆನ್ಸ್ ಕೆಟ್ಟಿದ್ರೆ ಹೀಗೆ ನುಲಿಯಲ್ಲ, ಎಲ್ಲಾ ಫೋಟೊದಲ್ಲೂ ಒಂದೇ ರೀತಿ ಮಂಜಾಗತ್ತೆ. ನಿನ್ನದರಲ್ಲಿ ಒಂದೊಂದು ಫೋಟೊ ಒಂದೊಂದು ಥರ ನುಲಿದಿದೆ. ಇದು ಬಿಸಿಲ ಝಳ. ಟಾರ್ ರೋಡಲ್ಲಿ ದೂರದಲ್ಲಿ ನೀರು ನಿಂತ ಹಾಗೆ ಕಾಣತ್ತಲ್ಲ, ಬಿಸಿಲುಗುದುರೆ, ಅದರ ಅಣ್ಣತಮ್ಮನೇ ಇದು. ನೆಲ ಕಾದು ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳತ್ತೆ, ಬಿಸಿ ಗಾಳಿ ತಂಪು ಗಾಳಿ ಕಲಸಿಕೊಂಡು ಬೆಳಕನ್ನ ಒಂದೊಂದು ಕಡೆ ಒಂದೊಂದು ರೀತಿ ಬಗ್ಗಿಸತ್ತೆ, ನೀನು 150 ಮೀಟರ್ ದೂರದಿಂದ 600ರಲ್ಲಿ ತೆಗೆದಾಗ ಮಧ್ಯೆ ಇರೋ ಅಷ್ಟೂ ಗಾಳಿ ಫೋಟೊದೊಳಗೆ ಬಂದು ಕೂರತ್ತೆ. ಎಷ್ಟು ದುಡ್ಡಿನ ಲೆನ್ಸ್ ಆದ್ರೂ ಇದೇ ಗತಿ, ಕಂಪ್ಯೂಟರಲ್ಲಿ ಶಾರ್ಪ್ ಮಾಡಿದ್ರೆ ಆ ನುಲಿಕೆನೇ ಇನ್ನೂ ಎದ್ದು ಕಾಣತ್ತೆ.

ಅನುಮಾನ ಇದ್ರೆ ಒಂದು ಪರೀಕ್ಷೆ ಮಾಡು. ಸಂಜೆ ನೆರಳಲ್ಲಿ ಒಂದು ಗೋಡೆಗೆ ದಿನಪತ್ರಿಕೆ ಅಂಟಿಸಿ ಹತ್ತು ಮೀಟರ್ ದೂರದಿಂದ ಟ್ರೈಪಾಡ್ ಮೇಲಿಟ್ಟು ತೆಗಿ. ಅಕ್ಷರ ಸ್ಪಷ್ಟ ಬಂದ್ರೆ ಲೆನ್ಸ್ ಚೆನ್ನಾಗಿದೆ ಅಂತ ನೆಮ್ಮದಿಯಾಗಿ ನಿದ್ದೆ ಮಾಡು.

ಮೈದನಹಳ್ಳಿ ಬಯಲು ಹುಲ್ಲುಗಾವಲು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಆಯ್ತಲ್ಲ, ಅದೇ ಜಾಗ. ಅಲ್ಲಿ ಬಯಲಲ್ಲಿ ನೆಲಕ್ಕೆ ನೆರಳು ಕಮ್ಮಿ, ಅದಕ್ಕೇ ಝಳ ಬೇಗ ಶುರುವಾಗತ್ತೆ. ಮೇ ತಿಂಗಳಲ್ಲಿ ಸೂರ್ಯ ಹುಟ್ಟೋದು ಸುಮಾರು 6 ಗಂಟೆಗೆ. 5.45ಕ್ಕೆ ಅಲ್ಲಿರು, 8 ಗಂಟೆ ಒಳಗೆ ಮುಗಿಸು, ಅಷ್ಟೇ ನಿನ್ನ ದಿನ. ಸಂಜೆ ಬೆಳಕು ಚೆನ್ನಾಗಿರತ್ತೆ ನಿಜ, ಆದ್ರೆ ನೆಲ ಇಡೀ ದಿನ ಕಾದಿರತ್ತೆ, ಹಾಗಾಗಿ ಬೆಳಗ್ಗೇನೇ ಮೇಲು. ಹಿಂದಿನ ದಿನ ಮಳೆ ಬಿದ್ದಿದ್ರೆ ಬಿಡಲೇಬೇಡ. ಇನ್ನೊಂದು, ನೆಲಕ್ಕೆ ಮಲಗಿ ತೆಗೆದ್ರೆ ಚೆನ್ನಾಗಿ ಬರತ್ತೆ ಅಂತ ಎಲ್ಲರೂ ಹೇಳ್ತಾರೆ, ಬೆಳಗ್ಗೆ ನಿಜ, ಬಿಸಿಲೇರಿದ ಮೇಲೆ ನೆಲಕ್ಕೆ ಹತ್ತಿರ ಆದಷ್ಟೂ ಝಳ ಜಾಸ್ತಿ. ಕಾರಿಂದ ತೆಗೆಯೋದಾದ್ರೆ ಎಸಿ ಆಫ್ ಮಾಡಿ ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಬಿಡು, ಒಳಗಿನ ತಂಪು ಹೊರಗಿನ ಬಿಸಿ ಕಿಟಕೀಲೇ ಕಲೆತು ಅಲ್ಲೇ ಒಂದು ಝಳ ಎದ್ದಿರತ್ತೆ. ಮತ್ತೆ ಶಾರ್ಪ್ ಬರಲಿಲ್ಲ ಅಂತ ಮೃಗದ ಹತ್ರ ಹತ್ರ ನಡ್ಕೊಂಡು ಹೋಗಬೇಡ, ಆ ಬಿಸಿಲಲ್ಲಿ ಅದನ್ನ ಓಡಿಸಿದ್ರೆ ಅದಕ್ಕೆ ಹೋಗಿ ನಿಲ್ಲೋಕೆ ನೆರಳು ಸಿಗೋದು ಕಷ್ಟ.

ನಮ್ಮ ಹೊಲದಾಗ ಟಿಟ್ಟಿಭ ನಾಕು ತತ್ತಿ ಇಟ್ಟದ. ನನ್ನ ಮಗ ಕ್ಯಾಮೆರಾ ಹಿಡಕೊಂಡು ದಿನಾ ಅಲ್ಲೇ ಕೂಡ್ತಾನ. ಹಕ್ಕಿ ಒದರಿ ಒದರಿ ತಲಿ ಮ್ಯಾಲೆ ಹಾರತದ. ಎಷ್ಟು ದೂರ ಕೂತರ ಛಲೋ? — ಒಬ್ಬ ತಾಯಿ, ಗದಗ ಜಿಲ್ಲೆ

ಅಕ್ಕಾ, ನೀವು ಕೇಳಿದ್ದು ತುಂಬಾ ಒಳ್ಳೇದಾಯ್ತು. ಹಕ್ಕಿ ಒದರ್ತಿದೆ ಅಂದ್ರೆ ಹುಡುಗ ಆಗಲೇ ಹತ್ತಿರ ಹೋಗಿಬಿಟ್ಟಿದ್ದಾನೆ ಅಂತ ಅರ್ಥ. ಅದು ಒದರೋದು ನಿಲ್ಲಿಸಿ ವಾಪಸ್ ಮೊಟ್ಟೆ ಮೇಲೆ ಬಂದು ಕೂರೋವರೆಗೂ ಹಿಂದೆ ಸರೀಬೇಕು, ಅದೇ ಸರಿಯಾದ ದೂರ, ಮೀಟರಲ್ಲಿ ಹೇಳೋಕೆ ಬರಲ್ಲ. ಒಂದು ಹಕ್ಕಿ 40 ಮೀಟರಿಗೆ ಸುಮ್ನಾಗತ್ತೆ, ಇನ್ನೊಂದಕ್ಕೆ 100 ಬೇಕು.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದ್ರೆ, ಟಿಟ್ಟಿಭಕ್ಕೆ ಗೂಡು ಅನ್ನೋದೇ ಇಲ್ಲ. ಬಯಲು ನೆಲದಲ್ಲಿ ಒಂಚೂರು ತಗ್ಗು, ಸುತ್ತ ನಾಕು ಹರಳುಕಲ್ಲು, ಒಂದಿಷ್ಟು ಆಡಿನ ಹಿಕ್ಕೆ, ಅಷ್ಟೇ. ಮೊಟ್ಟೆ ಮಣ್ಣಿನ ಬಣ್ಣಕ್ಕೆ ಕಪ್ಪು ಮಚ್ಚೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟಿರತ್ತೆ. ಬೇರೆ ಹಕ್ಕಿ ಕಾವು ಕೊಡೋಕೆ ಕೂರತ್ತೆ, ಇದು ನಡುಮಧ್ಯಾಹ್ನ ಕಾವು ತಪ್ಪಿಸೋಕೆ ಕೂರತ್ತೆ. ನಾನು ಕಣ್ಣಾರೆ ನೋಡಿದ್ದೀನಿ, ದೂರದ ಬೇವಿನ ಮರದ ಕೆಳಗೆ ಕೂತು ಬೈನಾಕ್ಯುಲರಲ್ಲಿ. ಮೊಟ್ಟೆ ಮೇಲೆ ಕಾಲು ಅಗಲಿಸಿ ನಿಂತು ತನ್ನ ಮೈ ನೆರಳು ಬೀಳಿಸತ್ತೆ, ಬಾಯಿ ತೆರೆದು ಏದುಸಿರು ಬಿಡ್ತಾ ಇರತ್ತೆ ಯಾಕಂದ್ರೆ ಹಕ್ಕಿಗೆ ಬೆವರು ಬರಲ್ಲ, ಆಮೇಲೆ ಜೋಡಿ ಬಂದು ಜಾಗ ತಗೊಂಡ್ರೆ ಇದು ಹಳ್ಳದ ಕಡೆ ಹಾರಿ ನೀರಲ್ಲಿ ಕೂತು ಹೊಟ್ಟೆ ಗರಿ ನೆನೆಸ್ಕೊಂಡು ವಾಪಸ್ ಬಂದು ಒದ್ದೆ ಹೊಟ್ಟೇನ ಮೊಟ್ಟೆ ಮೇಲೆ ಇಡತ್ತೆ. ಹೊಟ್ಟೆಯಿಂದ ತೊಟ್ಟಿಕ್ಕೋ ನೀರಿನ ಹನಿ ಬಿಸಿಲಿಗೆ ಹೊಳೀತಿತ್ತು ಅಕ್ಕಾ, ಅದನ್ನ ನೋಡಿದ ಮೇಲೆ ನನಗೆ ಟಿಟ್ಟಿಭದ ಕೂಗು ಮೊದಲಿನ ಹಾಗೆ ಕೇಳಿಸಲೇ ಇಲ್ಲ. ಈಗ ಯೋಚನೆ ಮಾಡಿ, ಮಗ ಅಲ್ಲಿ ಅರ್ಧ ಗಂಟೆ ಕೂತ, ಹಕ್ಕಿ ಅರ್ಧ ಗಂಟೆ ಮೇಲೆ ಹಾರಾಡ್ತು ಅಂದ್ರೆ ಮೊಟ್ಟೆ ಅಷ್ಟೂ ಹೊತ್ತು ಬರೀ ಬಿಸಿಲಿಗೆ ಬಿದ್ದಿದೆ, ಒಳಗಿನ ಮರಿ ಬೆಂದೇ ಹೋಗಬಹುದು. ಮೇಲಿಂದ ಕಾಗೆ ನೋಡ್ತಾ ಇರತ್ತೆ ಬೇರೆ.

ನಾನೂ ಶುರುವಿನ ದಿನಗಳಲ್ಲಿ ಒಂದು ಏಪ್ರಿಲ್‌ನಲ್ಲಿ ಇದೇ ತಪ್ಪು ಮಾಡಿದ್ದೆ, ಮೂರು ದಿನ ಹೋಗಿ ಹೋಗಿ ಹತ್ರದಿಂದ ತೆಗೆದೆ, ನಾಕನೇ ದಿನ ಹಕ್ಕಿ ಇರಲಿಲ್ಲ, ಮೊಟ್ಟೆ ಹಾಗೇ ಬಿದ್ದಿತ್ತು, ಮುಟ್ಟಿದ್ರೆ ಕಲ್ಲಿನಷ್ಟೇ ಬಿಸಿ. ಆ ಫೋಟೊಗಳನ್ನ ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ.

ಮಗನಿಗೆ ಬೈಬೇಡಿ, ಅವನ ಆಸಕ್ತಿ ದೊಡ್ಡದು. ಕ್ಯಾಮೆರಾ ಬದಲು ಒಂದು ನೋಟ್‌ಬುಕ್ ಕೊಡಿ. ದೂರದ ನೆರಳಲ್ಲಿ ಕೂತು ಹಕ್ಕಿ ಎಷ್ಟು ಹೊತ್ತಿಗೊಂದ್ಸಲ ಜೋಡಿ ಜೊತೆ ಪಾಳಿ ಬದಲಾಯಿಸತ್ತೆ, ಎಷ್ಟು ಸಲ ಹೊಟ್ಟೆ ನೆನೆಸ್ಕೊಂಡು ಬರತ್ತೆ ಅಂತ ಬರೀಲಿ. ಕಾವು 28-30 ದಿನ, ಮರಿ ಒಡೆದು ಬಂದ್ಮೇಲೆ ಬೇಗನೇ ಗೂಡು ಬಿಟ್ಟು ಅಪ್ಪ ಅಮ್ಮನ ಜೊತೆ ಓಡಾಡತ್ತೆ, ಆಗ ದೂರದಿಂದ ಬೇಕಾದ್ರೆ ತೆಗೀಲಿ. ಹೊಲ ಹರಗೋವಾಗ ಅಷ್ಟು ಜಾಗ ಬಿಟ್ಟು ಹರಗಿಸಿ, ಗುರುತಿಗೆ ಕೋಲು ನೆಡಬೇಡಿ, ಕಾಗೆ ಬಂದು ಅದರ ಮೇಲೇ ಕೂರತ್ತೆ. ಇನ್ನೊಂದು ವಿಷಯ ಎಲ್ಲಾ ಓದುಗರಿಗೂ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದನ್ನ 'ಬೇಟೆ' ಅನ್ನೋ ಪದದ ಅರ್ಥದೊಳಗೇ ಸೇರಿಸಿದ್ದಾರೆ. ಕೋವಿ ಹಿಡಿದವನು ಮಾತ್ರ ಬೇಟೆಗಾರ ಅಲ್ಲ.

ಕೆರೇಲಿ ಬೆಳ್ಳಕ್ಕಿ ತೆಗೆದ್ರೆ ಬರೀ ಬಿಳಿ ಮುದ್ದೆ, ಒಂದು ಗರಿನೂ ಕಾಣಲ್ಲ. — ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಹಿಂದೆ ಇರೋ ಕಪ್ಪು ನೀರು ನೋಡಿ ಕ್ಯಾಮೆರಾ ಕತ್ತಲಿದೆ ಅಂದ್ಕೊಂಡು ಬೆಳಕು ಜಾಸ್ತಿ ಮಾಡಿಬಿಡತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ 0.7ಕ್ಕೋ ಮೈನಸ್ 1ಕ್ಕೋ ಇಳಿಸಿ, ಬೆಳಕು ಮಿತಿಮೀರಿ ಬರೀ ಬಿಳಿಯಾದ ಜಾಗಾನ ಮಿನುಗಿಸಿ ತೋರಿಸೋ ಹೈಲೈಟ್ ಆಪ್ಶನ್ ಆನ್ ಮಾಡಿಟ್ಕೊಳ್ಳಿ, ಹಕ್ಕಿ ಮೈ ಮೇಲೆ ಮಿನುಗಿದ್ರೆ ಇನ್ನೂ ಇಳಿಸಿ. ಆಕಾಶದ ಎದುರು ಕೂತ ಕಾಜಾಣಕ್ಕೆ ಇದರ ಉಲ್ಟಾ, ಪ್ಲಸ್ ಮಾಡಿ. ಮಧ್ಯಾಹ್ನ ಮಾತ್ರ ಏನು ಮಾಡಿದ್ರೂ ಕಣ್ಣು ನೆರಳಲ್ಲಿ ಮುಳುಗಿರತ್ತೆ, ಆಗ ಕ್ಯಾಮೆರಾ ಬ್ಯಾಗಿಗೆ ಹಾಕಿ. ಬ್ಯಾಗನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ.

ಮೊಬೈಲಲ್ಲಿ ಹಕ್ಕಿ ಕೂಗು ಹಾಕಿದ್ರೆ ರಾಜಹಕ್ಕಿ ಎದುರಿಗೇ ಬಂದು ಕೂರತ್ತಂತೆ, ಹೌದಾ? — ಶಿವಮೊಗ್ಗ

ಬರತ್ತೆ. ಯಾಕೆ ಬರತ್ತೆ ಅಂತ ಕೇಳ್ಕೊಳ್ಳಿ. ನನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಗಾಬರಿಯಿಂದ ಜಗಳಕ್ಕೆ ಬರತ್ತೆ. ರಾಜಹಕ್ಕೀಲಿ ಗಂಡು ಹೆಣ್ಣು ಎರಡೂ ಸರದಿ ಮೇಲೆ ಕಾವಿಗೆ ಕೂರತ್ತೆ, ಮೇ ಜೂನ್ ಅಂದ್ರೆ ಗೂಡಿನ ಕಾಲ, ನೀವು ಕೂಗು ಹಾಕಿದ್ರೆ ಅದು ಇರಬೇಕಾದ ಜಾಗ ಬಿಟ್ಟು ನಿಮ್ಮ ಫೋನ್ ಸುತ್ತ ಹಾರಾಡತ್ತೆ. ದಯವಿಟ್ಟು ಬೇಡ. ಕಾಡಂಚಲ್ಲಿ ಸಣ್ಣ ನೀರಿನ ಗುಂಡಿ ಇದ್ರೆ ಸಂಜೆ ನಾಕೂವರೆ ಮೇಲೆ ದೂರದಲ್ಲಿ ಕೂರಿ, ಮೇಲಿನ ಕೊಂಬೆಯಿಂದ ಜುಂಯ್ ಅಂತ ನೀರಿಗೆ ಮುಟ್ಟಿ ವಾಪಸ್ ಹಾರತ್ತೆ, ಉದ್ದ ಬಾಲ ರಿಬ್ಬನ್ ಥರ ಹಿಂದೆ ಬರತ್ತೆ. ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟು ಕೊಂಬೆ ಮೇಲೆ ಫೋಕಸ್ ಮಾಡಿ ಕಾಯಿರಿ.

ನಿವೃತ್ತ ಶಿಕ್ಷಕ, 67 ವರ್ಷ, ಬಿಪಿ ಇದೆ. ಬಿಸಿಲಲ್ಲಿ ನಡೆಯೋಕೆ ಮನೆಯವರು ಬಿಡ್ತಿಲ್ಲ. — ಹೊಸಪೇಟೆ

ಮೇಷ್ಟ್ರೇ, ಮನೆಯವರು ಸರಿಯಾಗೇ ಹೇಳ್ತಿದ್ದಾರೆ. ಕೆಲವು ಬಿಪಿ ಮಾತ್ರೆ ಮೈಯಿಂದ ನೀರು ಹೆಚ್ಚು ಹೊರಗೆ ಹಾಕತ್ತೆ, ಅದಕ್ಕೇ ಮೊದಲು ನಿಮ್ಮ ಡಾಕ್ಟರ್ ಹತ್ರ ಒಂದು ಮಾತು ಕೇಳಿ. ಆದ್ರೆ ನಿಮ್ಮೂರಲ್ಲಿದ್ದು ನಡೆಯೋ ಅವಶ್ಯಕತೆನೇ ಇಲ್ವಲ್ಲ. ಪಕ್ಕದಲ್ಲೇ ದರೋಜಿ ಕರಡಿಧಾಮ, 1994ರಿಂದ ಇದೆ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದ ನೆರಳಲ್ಲಿ ಕೂತ್ರೆ ಎದುರಿನ ಬಂಡೆಗಳ ಸಂದಿಯಿಂದ ಕರಡಿ ಇಳಿದು ಬರತ್ತೆ, ಎಷ್ಟೋ ಸಲ ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು. ನವಿಲು, ಕಾಡುಕೋಳಿ ಥರದ ಪೇಂಟೆಡ್ ಸ್ಪರ್‌ಫೌಲ್ ಕೂಡಾ ಅದೇ ಬಂಡೆ ಮೇಲೆ ಬರತ್ತೆ. ಬೆಳಗಿನ ಹೊತ್ತಿಗೆ ತುಂಗಭದ್ರೆ ದಡ ಇದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಮಾಡಿದ್ದಾರೆ, ಆರು ಗಂಟೆಗೆ ಹೋಗಿ ಒಂದು ಬಂಡೆ ನೆರಳು ಹಿಡ್ಕೊಂಡು ಕೂತ್ಕೊಳ್ಳಿ, ಏಳೂವರೆಗೆ ಮನೆಗೆ ಬನ್ನಿ. ಬಂಡೆ ಗುಡ್ಡಗಳ ಕಡೆ ನಸುಕಲ್ಲಿ ಒಬ್ಬರೇ ಹೋಗಬೇಡಿ, ಕರಡಿ ಎದುರಾದ್ರೆ ಅದಕ್ಕೆ ಗಾಬರಿ, ನಿಮಗೆ ಅಪಾಯ. ತೆಳು ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ, ಮಜ್ಜಿಗೆ ಅಥವಾ ಓಆರ್‌ಎಸ್. ತಲೆ ಸುತ್ತು, ವಾಂತಿ ಬಂದ ಹಾಗಾದ್ರೆ ಯಾವ ಪ್ರಾಣಿ ಎದುರಿಗಿದ್ರೂ ಎದ್ದು ಬಂದುಬಿಡಿ.

ಅಪಾರ್ಟ್‌ಮೆಂಟ್ ಬಾಲ್ಕನೀಲಿ ಹಕ್ಕಿಗೆ ನೀರಿಟ್ಟಿದ್ದೀನಿ, ಒಂದೂ ಬರ್ತಿಲ್ಲ. — ಗೃಹಿಣಿ, ಬೆಂಗಳೂರು

ನೀವು ಇಟ್ಟಿರೋದು ಆಳವಾದ ಸ್ಟೀಲ್ ಪಾತ್ರೆ, ಫೋಟೊದಲ್ಲಿ ಕಾಣತ್ತೆ. ಬಿಸಿಲಿಗೆ ನೀರು ಕಾಯತ್ತೆ, ಅಂಚು ಜಾರತ್ತೆ, ಆಳ ಎಷ್ಟು ಅಂತ ಹಕ್ಕಿಗೆ ತಿಳಿಯಲ್ಲ. ಅಗಲವಾದ ಮಣ್ಣಿನ ತಟ್ಟೆ ತನ್ನಿ, ಎರಡು ಇಂಚಿಗಿಂತ ಜಾಸ್ತಿ ನೀರು ಬೇಡ, ಮಧ್ಯೆ ಒಂದು ಒರಟು ಕಲ್ಲು, ನೆರಳಲ್ಲಿಡಿ, ಬೆಕ್ಕು ಅಡಗೋ ಹಾಗೆ ಕುಂಡಗಳು ಒತ್ತೊತ್ತಾಗಿ ಇರಬಾರದು. ದಿನಾ ನೀರು ಚೆಲ್ಲಿ ಬ್ರಶ್ಶಲ್ಲಿ ಉಜ್ಜಿ ತುಂಬಿ, ಸೋಪು ಬೇಡ. ಒಂದು ವಾರ ಹತ್ತು ದಿನ ತಾಳ್ಮೆ ಇರಲಿ, ಮೊದಲು ಪಿಕಳಾರ ಬರತ್ತೆ, ಅದನ್ನ ನೋಡಿ ಉಳಿದವು. ಸೂರಕ್ಕಿ ತಟ್ಟೆಗೆ ಇಳಿಯೋದು ಕಮ್ಮಿ, ಒದ್ದೆ ಎಲೆಗೆ ಮೈ ಉಜ್ಜಿ ಸ್ನಾನ ಮಾಡತ್ತೆ, ಸಂಜೆ ಗಿಡಕ್ಕೆ ನೀರು ಚಿಮುಕಿಸಿ ನೋಡಿ. ಫೋಟೊಗೆ, ತಟ್ಟೆಯಿಂದ ಎರಡಡಿ ಈಚೆ ಕುಂಡದಲ್ಲಿ ಒಂದು ಒಣ ಕಡ್ಡಿ ಸಿಗಿಸಿ, ಹಕ್ಕಿ ಮೊದಲು ಅದರ ಮೇಲೆ ಕೂತು ಆ ಕಡೆ ಈ ಕಡೆ ನೋಡಿಯೇ ಇಳಿಯೋದು. ಒಳಗೆ ಲೈಟ್ ಆರಿಸಿ ಪರದೆ ಸಂದಿಯಿಂದ ತೆಗೀರಿ.

ಚಿಕ್ಕ ಮಕ್ಕಳಿದ್ದಾರೆ, ದೊಡ್ಡ ಕ್ಯಾಮೆರಾ ಇಲ್ಲ, ಮೊಬೈಲ್ ಮಾತ್ರ. ಎಲ್ಲಿಗೆ ಹೋಗಬಹುದು? — ರಾಮನಗರ

ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕು, ನಿಮಗೆ ತುಂಬಾ ಹತ್ತಿರ. ಅಲ್ಲಿ ಕಾಡೂ ಇಲ್ಲ, ಬೇಲಿನೂ ಇಲ್ಲ, ಊರೊಳಗಿನ ಹುಣಸೆ ಮರದ ಮೇಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟತ್ತೆ, ಕೆಳಗೆ ಜನ ಓಡಾಡ್ತಿರ್ತಾರೆ, ಹಸು ಕಟ್ಟಿರತ್ತೆ. ಆ ಹಕ್ಕಿಗಳು ಊರವರಿಗೆ ಒಗ್ಗಿಕೊಂಡು ಎಷ್ಟೋ ತಲೆಮಾರಾಗಿದೆ, ಊರ ಹೆಣ್ಣುಮಗಳು ತವರಿಗೆ ಬಂದ ಹಾಗೆ ಅಂತ ಅಲ್ಲಿನವರು ಹೇಳ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೋದ್ರೆ ಮರಿಗಳು ಇರತ್ತೆ. ಎಂಟು ಗಂಟೆ ಒಳಗೆ ಹೋಗಿ, ಕೂಗಾಡಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಮೊಬೈಲಲ್ಲಿ ಜೂಮ್ ಮಾಡಿ ಫೋಟೊ ತೆಗೆಯೋದಕ್ಕಿಂತ ವಿಡಿಯೊ ಮಾಡಿ. ಬಿಸಿಲೇರ್ತಿದ್ದ ಹಾಗೆ ಹೆಜ್ಜಾರ್ಲೆ ಕೊಕ್ಕು ತೆರೆದು ಗಂಟಲ ಚೀಲ ಪಟಪಟ ನಡುಗಿಸತ್ತೆ, ಗಾಳಿಗೆ ಒದ್ದೆ ಬಟ್ಟೆ ಬಡಿದ ಹಾಗೆ, ಅದು ಅದರ ಫ್ಯಾನು. ಪಕ್ಕದ ಗೂಡಲ್ಲಿ ಕೊಕ್ಕರೆ ಬಿಸಿಲಿಗೆ ಬೆನ್ನು ಮಾಡಿ ಎರಡೂ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆ ಹಿಡಿದು ನಿಂತಿರತ್ತೆ. ಮಕ್ಕಳಿಗೆ ಇವೆರಡನ್ನ ತೋರಿಸಿ. ಕೆಳಗೆ ಬಿದ್ದ ಮರಿ ಕಂಡ್ರೆ ಮುಟ್ಟಬೇಡಿ, ಸೆಲ್ಫಿ ಬೇಡ, ಯಾರಾದ್ರೂ ಊರವರಿಗೆ ತಕ್ಷಣ ಹೇಳಿ. ಹೆಜ್ಜಾರ್ಲೆ ಬಳಗ ಅಂತ ಅಲ್ಲಿನವರದ್ದೇ ಗುಂಪಿದೆ, ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿ, ಬಲಿತ ಮೇಲೆ ಹಾರಿಬಿಡ್ತಾರೆ.