ಪ್ರತಿಕ್ರಿಯೆ: ದಾನ್‌ಜೊಂಗ್ ಸತ್ತ ಮೇಲೆ ಅವನ ರಾಣಿಯ ಕತೆ

ಕೊರಿಯಾದ ಹಳೆಯ ಜೊಸೊನ್ ರಾಜ್ಯದ ಅರಸು ದಾನ್‌ಜೊಂಗ್ ಸತ್ತ ಮೇಲೆ ಅವನ ಎಳೆಯ ರಾಣಿ ಏನಾದಳು, ಮತ್ತೆ ಮದುವೆ ಆದಳಾ ಅಂತ ಕೇಳಿದ್ದೀರಿ. ಇಲ್ಲ, ಆಗಲಿಲ್ಲ. ಮಕ್ಕಳೂ ಇರಲಿಲ್ಲ.

ಆಕೆ ಜೊಂಗ್‌ಸುನ್, ಸೊಂಗ್ ಮನೆತನದ ಹುಡುಗಿ, ಹುಟ್ಟಿದ್ದು 1440ರಲ್ಲಿ. 1454ರಲ್ಲಿ ರಾಣಿಯಾದಳು. ಆಗಲೇ ಅಧಿಕಾರವೆಲ್ಲ ಗಂಡನ ಚಿಕ್ಕಪ್ಪ ಸುಯಾಂಗ್ ಕೈಯಲ್ಲಿತ್ತು. ಮರುವರ್ಷವೇ ಅವನು ಸಿಂಹಾಸನ ಕಸಿದುಕೊಂಡ. 1457ರಲ್ಲಿ ದಾನ್‌ಜೊಂಗ್‌ನನ್ನು ದೂರದ ಯೊಂಗ್‌ವೊಲ್‌ಗೆ ಗಡಿಪಾರು ಮಾಡಿದರು. ಅದೇ ವರ್ಷ ಅವನು ಸತ್ತ. ಹದಿನೇಳರ ಆಸುಪಾಸಿನಲ್ಲೇ ಈಕೆ ವಿಧವೆ!

ನನ್ನನ್ನು ಜಾಸ್ತಿ ಕಾಡುವುದು ಆಮೇಲಿನ ಬದುಕು. ರಾಣಿ ಪದವಿ ಹೋಯಿತು. ರಾಜಧಾನಿ ಸೋಲ್‌ನ (Seoul) ಪೂರ್ವ ಹೆಬ್ಬಾಗಿಲಿನ ಆಚೆ ಒಂದು ಪುಟ್ಟ ಮನೆಯಲ್ಲಿ ಇದ್ದಳು. ಅಲ್ಲಿನ ಜನ ಹೇಳಿಕೊಂಡು ಬಂದಿರುವ ಪ್ರಕಾರ, ಬಟ್ಟೆಗೆ ನೇರಳೆ ಬಣ್ಣ ಹಾಕಿ ಹೊಟ್ಟೆ ಹೊರೆಯುತ್ತಿದ್ದಳು. ಒಂದು ಗಿಡದ ಬೇರಿನಿಂದ ಬಣ್ಣ ತೆಗೆಯುವುದು, ಬಟ್ಟೆ ಅದ್ದುವುದು, ಬಂಡೆ ಮೇಲೆ ಒಣಗಿಸುವುದು. ಅವಳು ಬಟ್ಟೆಗೆ ಬಣ್ಣ ಹಾಕುತ್ತಿದ್ದಳು ಅನ್ನುವ ಒರತೆಯನ್ನು ಈಗಲೂ ಸೋಲ್‌ನ ಚಾಂಗ್‌ಶಿನ್ ಬಡಾವಣೆಯಲ್ಲಿ ತೋರಿಸುತ್ತಾರೆ. ಅರಮನೆ ಕಣ್ಣು ತಪ್ಪಿಸಿ ಅವಳಿಗೆ ತರಕಾರಿ ಕೊಡಲಿಕ್ಕೆ ಹೆಂಗಸರು ಅಲ್ಲೇ ಪಕ್ಕದಲ್ಲಿ ಸಂತೆ ಶುರು ಮಾಡಿದರು ಅನ್ನುವ ಕತೆಯೂ ಇದೆ. ಎಂಥ ಧೈರ್ಯ ಅಲ್ವಾ?

ಸಿಂಹಾಸನ ಕಸಿದುಕೊಂಡ ಆ ಚಿಕ್ಕಪ್ಪ 1468ರಲ್ಲೇ ತೀರಿಕೊಂಡ. ಈಕೆ ಬದುಕಿದ್ದು 1521ರವರೆಗೆ. ಕೊರಿಯಾದ ಟಿವಿ ಡ್ರಾಮಾಗಳು ಇದನ್ನೆಲ್ಲ ಸುಮ್ನೆ ದಾಟಿಸಿಬಿಟ್ಟಾಗ ನನಗೆ ಸಿಟ್ಟು ಬರುತ್ತದೆ.

ರಾಣಿ ಪದವಿ ಮರಳಿದ್ದು 1698ರಲ್ಲಿ, ಸುಕ್‌ಜೊಂಗ್ ಅರಸನ ಕಾಲದಲ್ಲಿ. ಅವಳ ಸಮಾಧಿ ನಾಮ್‌ಯಾಂಗ್‌ಜುನಲ್ಲಿದೆ, ಗಂಡನದು ಯೊಂಗ್‌ವೊಲ್‌ನಲ್ಲಿ. ಹೆಚ್ಚು ಓದಬೇಕಿದ್ದರೆ ಜೊಂಗ್‌ಸುನ್ ಅನ್ನುವ ಹೆಸರಿನಲ್ಲಿ ಹುಡುಕಿ. 18ನೇ ಶತಮಾನದಲ್ಲೂ ಅದೇ ಹೆಸರಿನ ಇನ್ನೊಬ್ಬ ರಾಣಿ ಇದ್ದಳು, ಯೊಂಗ್‌ಜೊ ಅರಸನ ಹೆಂಡತಿ. ಇಸವಿ ನೋಡಿಕೊಳ್ಳಿ.